ಅಪ್ಪನ ಕನ್ನಡಕಕ್ಕೆ ಯಾವ ಲೆನ್ಸ್?

ಅಪ್ಪನ ಪವರ್ ಮೈನಸ್ ಐದು. ರಾತ್ರಿ ಕಾರು ಓಡಿಸುವಾಗ ಎದುರು ಗಾಡಿಯ ಹೆಡ್‌ಲೈಟು ಕಣ್ಣು ಕುಕ್ಕುತ್ತದೆ ಅನ್ನುತ್ತಿದ್ದರು. ಅದಕ್ಕೇ ಈ ಸಲ ಆ್ಯಂಟಿ ರಿಫ್ಲೆಕ್ಷನ್ ಕೋಟಿಂಗ್ (ಲೆನ್ಸ್ ಮೈಯಿಂದ ಬೆಳಕು ಪ್ರತಿಫಲಿಸುವುದನ್ನು ತಗ್ಗಿಸುವ ಲೇಪ) ಬೇಕೇ ಬೇಕು ಅಂತ ಹಟ ಹಿಡಿದೆ. ಕೋಟಿಂಗ್ ಇಲ್ಲದ, ಇಂಡೆಕ್ಸ್ (ಲೆನ್ಸ್ ಬೆಳಕನ್ನು ಬಾಗಿಸುವ ಪ್ರಮಾಣ) 1.50 ಇರುವ ಲೆನ್ಸ್‌ನ ಎರಡೂ ಮೈಗಳಿಂದ ಸೇರಿ ಸುಮಾರು 8% ಬೆಳಕು ಪ್ರತಿಫಲಿಸುತ್ತದೆ. ಇಂಡೆಕ್ಸ್ ಏರಿದಷ್ಟೂ ಅದೂ ಏರುತ್ತದೆ. ಹಾಗಾಗಿ ತೆಳ್ಳಗಿನ 1.67 ತಗೊಂಡು ಕೋಟಿಂಗ್ ಬಿಡುವುದು ನನ್ನ ಮಟ್ಟಿಗೆ ದಂಡ. ಮೈನಸ್ ಪವರಿನವರಿಗೆ ಚಿಕ್ಕ ಫ್ರೇಮ್ ಆರಿಸಿದರೂ ಅಂಚಿನ ದಪ್ಪ ಇಳಿಯುತ್ತದೆ. ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್ ಲೆನ್ಸ್ ಗಟ್ಟಿ, ಆಟವಾಡುವ ಮಕ್ಕಳಿಗೆ ಅದೇ ಸರಿ.

ನೀಲಿ ಬೆಳಕನ್ನು ತಡೆಯುವ ಬ್ಲೂ ಕಟ್‌ಗೆ ದುಡ್ಡು ಕೊಡಲಿಲ್ಲ. ಕಂಪ್ಯೂಟರ್ ನೋಡಿ ಬರುವ ಕಣ್ಣಿನ ದಣಿವು ಅದರಿಂದ ಕಡಿಮೆಯಾಗುತ್ತದೆ ಅನ್ನುವುದಕ್ಕೆ 2023ರ ಕಾಕ್ರೇನ್ ವಿಮರ್ಶೆಯಲ್ಲೂ (ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಆಧಾರ ಸಿಗಲಿಲ್ಲ.

ಅಪ್ಪಾ, ದಯವಿಟ್ಟು ಪಂಚೆಯಲ್ಲಿ ಒರೆಸಬೇಡಿ. ಮೊದಲು ನೀರಲ್ಲಿ ತೊಳೆದು, ಆಮೇಲೆ ಡಬ್ಬಿಯಲ್ಲಿರುವ ಬಟ್ಟೆ.