ಅಭಿಯೋಜಕರ ಮನೆಗೆ ಬಂದ ಒಂದು ಫೋನ್ ಕರೆ

2006ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಫೆಡರಲ್ ಅಭಿಯೋಜಕ, ಅಂದರೆ ಕೇಂದ್ರ ಸರ್ಕಾರದ ಪರವಾಗಿ ಮೊಕದ್ದಮೆ ನಡೆಸುವ ವಕೀಲ, ಡೇವಿಡ್ ಇಗ್ಲೇಸಿಯಸ್ ಅವರ ಮನೆಗೆ ಒಂದು ಫೋನ್ ಕರೆ ಬಂತು. ಕರೆ ಮಾಡಿದವರು ಅದೇ ರಾಜ್ಯದ ಹಿರಿಯ ರಿಪಬ್ಲಿಕನ್ ಸೆನೆಟರ್ ಪೀಟ್ ಡೊಮೆನಿಸಿ. ಇಗ್ಲೇಸಿಯಸ್ ಅವರನ್ನು ಈ ಹುದ್ದೆಗೆ ಶಿಫಾರಸು ಮಾಡಿದ್ದವರೂ ಅವರೇ. ಅಲ್ಬುಕರ್ಕಿಯ ನ್ಯಾಯಾಲಯದ ಕಟ್ಟಡ ಕಾಮಗಾರಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಪ್ರಭಾವಿ ಮುಖಂಡರೊಬ್ಬರು ಹಣ ಮಾಡಿಕೊಂಡಿದ್ದಾರೆಂಬ ಆರೋಪದ ತನಿಖೆ ಆಗ ನಡೆಯುತ್ತಿತ್ತು, ಸಂಸತ್ ಚುನಾವಣೆಗೆ ಎರಡು ವಾರವೂ ಉಳಿದಿರಲಿಲ್ಲ. ನವೆಂಬರಿಗೆ ಮುಂಚೆ ದೋಷಾರೋಪ ಸಲ್ಲಿಕೆಯಾಗುತ್ತದೆಯೇ ಎಂದು ಸೆನೆಟರ್ ವಿಚಾರಿಸಿದರು. ಆಗುವಂತೆ ಕಾಣುವುದಿಲ್ಲ ಎಂದಾಗ, ಅದನ್ನು ಕೇಳಿ ಬೇಸರವಾಯಿತು ಎಂದಷ್ಟೇ ಹೇಳಿದರು, ಲೈನ್ ಕಡಿದುಹೋಯಿತು. ಇಗ್ಲೇಸಿಯಸ್ ಮುಂದೆ ಸೆನೆಟ್ ಸಮಿತಿಯೆದುರು ಪ್ರಮಾಣ ಮಾಡಿ ಹೇಳಿದ್ದು ಇಷ್ಟು. ಆರು ವಾರಗಳ ನಂತರ, ಡಿಸೆಂಬರ್ 7ರಂದು, ರಾಜೀನಾಮೆ ಕೊಡಿ ಎಂಬ ಸೂಚನೆ ಅವರಿಗೆ ಬಂತು. ಅದೇ ದಿನ ಬೇರೆ ಬೇರೆ ಊರುಗಳ ಇನ್ನೂ ಆರು ಅಭಿಯೋಜಕರಿಗೂ ಬಂತು. ಏಳು ಮಂದಿಯೂ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರೇ ನೇಮಿಸಿದವರು.

ಜಿಲ್ಲಾ ನ್ಯಾಯಾಲಯವೊಂದರಲ್ಲಿ ಹಲವು ವರ್ಷ ವಕೀಲಿ ಮಾಡಿದ ನನಗೆ ಈ ಪ್ರಕರಣ ಮತ್ತೆ ಮತ್ತೆ ನೆನಪಾಗುವುದು ಒಂದು ಕಾರಣಕ್ಕೆ. ಆ ಕರೆಯಲ್ಲಿ ಸುಳ್ಳು ಮೊಕದ್ದಮೆ ಹೂಡಿ ಎಂಬ ಮಾತೇ ಇರಲಿಲ್ಲ. ತನಿಖೆ ನಿಜವಾದದ್ದೇ. ಆ ಮುಖಂಡರ ಮೇಲೆ 2007ರಲ್ಲಿ ದೋಷಾರೋಪವಾಯಿತು, ಆಮೇಲೆ ಅವರು ತಪ್ಪನ್ನೂ ಒಪ್ಪಿಕೊಂಡರು. ಸೆನೆಟರ್ ಕೇಳಿದ್ದು ತಾರೀಖನ್ನು ಮಾತ್ರ. ಕೋರ್ಟಿನ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತಿರುವಂತೆ, ಎಷ್ಟೋ ಸಲ ಪ್ರಕರಣದ ಹುರುಳಿಗಿಂತ ತಾರೀಖಿಗೇ ಹೆಚ್ಚು ತೂಕ. ಚುನಾವಣೆಯ ಹಿಂದಿನ ವಾರ ಬಂದ ದೋಷಾರೋಪಕ್ಕೂ ಮರುವಾರ ಬಂದದ್ದಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿಲ್ಲ, ಮತಪೆಟ್ಟಿಗೆಯಲ್ಲಿ ಅಜಗಜಾಂತರ. ಡೊಮೆನಿಸಿ ಕರೆ ಮಾಡಿದ್ದನ್ನು ಒಪ್ಪಿಕೊಂಡು ವಿಷಾದ ವ್ಯಕ್ತಪಡಿಸಿದರು, ಒತ್ತಡ ಹೇರಿದೆನೆಂಬುದನ್ನು ಮಾತ್ರ ಒಪ್ಪಲಿಲ್ಲ. ಹಾಗೆ ನೋಡಿದರೆ ಅವರ ಮಾತಿನಲ್ಲಿ ಆಜ್ಞೆಯೂ ಇರಲಿಲ್ಲ, ಬೆದರಿಕೆಯೂ ಇರಲಿಲ್ಲ. ಆದರೂ ಮನೆಯಲ್ಲಿ ಫೋನ್ ಹಿಡಿದು ನಿಂತ ಅಧಿಕಾರಿಗೆ ಅದರ ಅರ್ಥ ಆಗದಿರಲು ಸಾಧ್ಯವಿತ್ತೇ?

ಇಂಥ ಕರೆ ಕಾನೂನುಬಾಹಿರವೇ ಎಂದು ಕೇಳಿದರೆ ಅಮೆರಿಕದ ವ್ಯವಸ್ಥೆ ತಡವರಿಸುತ್ತದೆ. ಅಲ್ಲಿ 93 ಫೆಡರಲ್ ಅಭಿಯೋಜಕರಿದ್ದಾರೆ. ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಿಗೆ ಕೊಡುತ್ತದೆ, ಅವಧಿ ನಾಲ್ಕು ವರ್ಷ. ಆದರೆ ಅಧ್ಯಕ್ಷರು ಬೇಕೆಂದಾಗ ತೆಗೆದುಹಾಕಬಹುದು. 1993ರಲ್ಲಿ ಕ್ಲಿಂಟನ್ ಸರ್ಕಾರ ಬಂದಾಗ ನ್ಯಾಯ ಇಲಾಖೆಯ ಮುಖ್ಯಸ್ಥೆಯಾದ ಅಟಾರ್ನಿ ಜನರಲ್ ಜಾನೆಟ್ ರೆನೊ ಎಲ್ಲರ ರಾಜೀನಾಮೆಯನ್ನೂ ಒಟ್ಟಿಗೆ ಕೇಳಿದ್ದರು. ಸರ್ಕಾರ ಬದಲಾದಾಗ ಸರ್ಕಾರಿ ವಕೀಲರು ಬದಲಾಗುವುದನ್ನು ನಮ್ಮ ಜಿಲ್ಲೆಗಳಲ್ಲಿ ಕಂಡವರಿಗೆ ಇದು ವಿಚಿತ್ರವೆನಿಸದು. ಆದರೆ ತಾನೇ ನೇಮಿಸಿದವರನ್ನು ಅವಧಿಯ ನಡುವೆ, ನಡೆಯುತ್ತಿರುವ ತನಿಖೆಯ ಕಾರಣಕ್ಕೆ ತೆಗೆದರೆ ಅದು ಬೇರೆಯೇ ಮಾತಾಗುತ್ತದೆ, ಮತ್ತು ಆ ಕಾರಣವನ್ನು ಸಾಬೀತುಪಡಿಸುವುದು ಬಹಳ ಕಷ್ಟ. 1973ರ ಅಕ್ಟೋಬರ್ 20ರಂದು ಅಧ್ಯಕ್ಷ ನಿಕ್ಸನ್ ತಮ್ಮ ವಿರುದ್ಧವೇ ತನಿಖೆ ನಡೆಸುತ್ತಿದ್ದ ವಿಶೇಷ ಅಭಿಯೋಜಕ ಆರ್ಚಿಬಾಲ್ಡ್ ಕಾಕ್ಸ್ ಅವರನ್ನು ವಜಾ ಮಾಡಿಸಿದಾಗ ಅಟಾರ್ನಿ ಜನರಲ್ ಮತ್ತು ಅವರ ಕೆಳಗಿನ ಅಧಿಕಾರಿ ಇಬ್ಬರೂ ಆಜ್ಞೆ ಪಾಲಿಸಲೊಪ್ಪದೆ ಹುದ್ದೆ ಬಿಟ್ಟರು. ಆ ಪೆಟ್ಟಿನ ಬಳಿಕ ಎಡ್ವರ್ಡ್ ಲೆವಿ, ಗ್ರಿಫಿನ್ ಬೆಲ್ ಅವರಂಥ ಅಟಾರ್ನಿ ಜನರಲ್‌ಗಳ ಕಾಲದಲ್ಲಿ, ನಿರ್ದಿಷ್ಟ ಪ್ರಕರಣದ ವಿಚಾರವಾಗಿ ಶ್ವೇತಭವನದವರು ಅಭಿಯೋಜಕರ ಜತೆ ನೇರವಾಗಿ ಮಾತನಾಡಕೂಡದೆಂಬ ಪದ್ಧತಿ ಬೇರೂರಿತು. ಅದು ಪದ್ಧತಿ ಮಾತ್ರ, ಶಾಸನವಲ್ಲ. ಗೋಡೆಯಿದೆ ಎಂದು ಎಲ್ಲರೂ ನಂಬಿ ನಡೆದಷ್ಟು ಕಾಲ ಅಲ್ಲಿ ಗೋಡೆಯಿರುತ್ತದೆ.

ಬುಷ್ ಕಾಲದ ವಿವಾದದಲ್ಲಿ ಹೊರಬಿದ್ದ ಇನ್ನೊಂದು ಸಂಗತಿ ಒಂದು ಸಣ್ಣ ಕಲಮಿನದು, ನನಗೆ ಎಲ್ಲಕ್ಕಿಂತ ಸ್ವಾರಸ್ಯವೆನಿಸಿದ್ದು ಅದೇ. ಅಭಿಯೋಜಕರ ಹುದ್ದೆ ತೆರವಾದರೆ ಅಟಾರ್ನಿ ಜನರಲ್ 120 ದಿನಗಳ ಮಟ್ಟಿಗೆ ಹಂಗಾಮಿ ನೇಮಕ ಮಾಡಬಹುದು, ಆ ಬಳಿಕ ನೇಮಿಸುವವರು ಅಲ್ಲಿನ ಜಿಲ್ಲಾ ಫೆಡರಲ್ ನ್ಯಾಯಾಧೀಶರು ಎಂಬುದು 1986ರಿಂದ ಇದ್ದ ನಿಯಮ. 2006ರ ಮಾರ್ಚಿನಲ್ಲಿ ಭಯೋತ್ಪಾದನೆ ತಡೆಯ ಪೇಟ್ರಿಯಟ್ ಕಾಯ್ದೆಯನ್ನು ನವೀಕರಿಸುವಾಗ ಈ 120 ದಿನಗಳ ಮಿತಿಯನ್ನು ಸದ್ದಿಲ್ಲದೆ ಕಿತ್ತುಹಾಕಲಾಯಿತು. ಅಂದರೆ ಬೇಡದವರನ್ನು ತೆಗೆದು, ಬೇಕಾದವರನ್ನು ಸೆನೆಟ್‌ನ ಮುಂದೆ ನಿಲ್ಲಿಸದೆ ಎಷ್ಟು ಕಾಲ ಬೇಕಾದರೂ ಕೂರಿಸಬಹುದಾಗಿತ್ತು. ಡಿಸೆಂಬರಿನ ವಜಾಗಳು ನಡೆದದ್ದು ಈ ಬಾಗಿಲು ತೆರೆದ ಒಂಬತ್ತೇ ತಿಂಗಳಿಗೆ. ಅಟಾರ್ನಿ ಜನರಲ್ ಆಲ್ಬರ್ಟೊ ಗೊನ್ಜಾಲೆಸ್ 2007ರ ಏಪ್ರಿಲಿನಲ್ಲಿ ಸೆನೆಟ್ ಸಮಿತಿಯ ಮುಂದೆ ಕುಳಿತು ನೆನಪಿಲ್ಲ ಎಂಬ ಉತ್ತರವನ್ನು ಹತ್ತಾರು ಬಾರಿ ಕೊಟ್ಟರು, ಅವರದೇ ಪಕ್ಷದ ಸದಸ್ಯರಿಗೂ ಸಾಕಾಯಿತು. ಆಗಸ್ಟಿನಲ್ಲಿ ರಾಜೀನಾಮೆ ಘೋಷಿಸಿದರು. ಇಗ್ಲೇಸಿಯಸ್ ಅವರನ್ನು ತೆಗೆದದ್ದು ನ್ಯೂ ಮೆಕ್ಸಿಕೊದ ರಿಪಬ್ಲಿಕನ್ ರಾಜಕಾರಣಿಗಳ ದೂರಿನಿಂದಲೇ ಎಂದು ನ್ಯಾಯ ಇಲಾಖೆಯ ಆಂತರಿಕ ತನಿಖೆ 2008ರಲ್ಲಿ ಹೇಳಿತು. ಕ್ರಿಮಿನಲ್ ಮೊಕದ್ದಮೆ ಯಾರ ಮೇಲೂ ಆಗಲಿಲ್ಲ. ಅಷ್ಟರಲ್ಲಿ 120 ದಿನಗಳ ಮಿತಿಯನ್ನು ಮರಳಿ ತರುವ ಮಸೂದೆಗೆ ಸೆನೆಟ್‌ನಲ್ಲಿ 94 ಮಂದಿ ಪರವಾಗಿಯೂ ಇಬ್ಬರು ವಿರುದ್ಧವಾಗಿಯೂ ಮತ ಹಾಕಿದ್ದರು, ಬುಷ್ ಕೂಡ ಸಹಿ ಮಾಡಿದ್ದರು.

ಡೆಮಾಕ್ರಟಿಕರು ಈ ವಿಷಯದಲ್ಲಿ ಮಡಿವಂತರೆಂದು ನಾನು ಹೇಳುವುದಿಲ್ಲ. 2016ರ ಜೂನ್‌ನಲ್ಲಿ, ಪತ್ನಿ ಹಿಲರಿಯವರ ಮೇಲೆ ಎಫ್‌ಬಿಐ ತನಿಖೆ ನಡೆಯುತ್ತಿದ್ದಾಗಲೇ, ಬಿಲ್ ಕ್ಲಿಂಟನ್ ಫೀನಿಕ್ಸ್ ವಿಮಾನ ನಿಲ್ದಾಣದಲ್ಲಿ ಅಟಾರ್ನಿ ಜನರಲ್ ಲೊರೆಟ್ಟಾ ಲಿಂಚ್ ಅವರ ವಿಮಾನ ಹತ್ತಿ ಮಾತನಾಡಿ ಬಂದರು. ಮೊಮ್ಮಕ್ಕಳ ವಿಚಾರ ಮಾತಾಡಿದೆವು ಎಂಬ ವಿವರಣೆಯನ್ನು ನಂಬಬೇಕೆನಿಸಿದರೂ ಆ ವಿಮಾನ ಹತ್ತಬಾರದಿತ್ತು. ನ್ಯಾಯ ಇಲಾಖೆಯ ಸ್ವಾತಂತ್ರ್ಯದ ಬಗ್ಗೆ ನಾಲ್ಕು ವರ್ಷ ಮಾತನಾಡಿದ ಜೋ ಬೈಡನ್, 2024ರ ಡಿಸೆಂಬರ್ 1ರಂದು ಮಗ ಹಂಟರ್‌ಗೆ ಕ್ಷಮಾದಾನ ಕೊಡುವಾಗ, ತಮ್ಮದೇ ಸರ್ಕಾರದ ಇಲಾಖೆ ಅವನನ್ನು ಆಯ್ದು ಹಿಡಿದು ಅನ್ಯಾಯ ಮಾಡಿತೆಂದರು. ಎದುರಾಳಿ ಪಕ್ಷ ವರ್ಷಗಟ್ಟಲೆ ಹೇಳುತ್ತಿದ್ದ ಮಾತಿಗೆ ಅವರೇ ಮುದ್ರೆ ಒತ್ತಿದಂತಾಯಿತು. ನಮ್ಮಲ್ಲಿ ಸಿಬಿಐಯನ್ನು ಸುಪ್ರೀಂ ಕೋರ್ಟ್ 2013ರಲ್ಲಿ ಪಂಜರದ ಗಿಳಿ ಎಂದಾಗ ಚಪ್ಪಾಳೆ ತಟ್ಟಿದವರು ಯಾರು, ಅಧಿಕಾರ ಬದಲಾದ ಮೇಲೆ ಆ ಗಿಳಿಯ ಮಾತನ್ನು ಮೆಚ್ಚಿಕೊಂಡವರು ಯಾರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ರಾಜ್ಯದಲ್ಲಿ ತನಿಖೆ ನಡೆಸಲು ಸಿಬಿಐಗೆ ಕೊಟ್ಟಿದ್ದ ಸಾಮಾನ್ಯ ಸಮ್ಮತಿಯನ್ನು ಹಿಂಪಡೆದಾಗಲೂ ಚರ್ಚೆ ಪಕ್ಷಗಳ ಗೆರೆ ದಾಟಲಿಲ್ಲ.

ಹಾಗಿದ್ದರೂ 2025ರಲ್ಲಿ ನಡೆದದ್ದನ್ನು ಹಳೆಯ ಲೆಕ್ಕಕ್ಕೆ ಸೇರಿಸಿ, ಎಲ್ಲರೂ ಅಷ್ಟೇ ಎಂದು ಕೈತೊಳೆದುಕೊಳ್ಳಲು ನನಗೆ ಮನಸ್ಸಾಗುವುದಿಲ್ಲ. ವರ್ಜೀನಿಯದ ಪೂರ್ವ ಜಿಲ್ಲೆಯಲ್ಲಿ ಎರಿಕ್ ಸೀಬರ್ಟ್ ಎಂಬವರು ಹಂಗಾಮಿ ಅಭಿಯೋಜಕರಾಗಿದ್ದರು. 120 ದಿನ ಮುಗಿದ ಮೇಲೆ ಅಲ್ಲಿನ ನ್ಯಾಯಾಧೀಶರೇ ಅವರನ್ನು ಮುಂದುವರಿಸಿದ್ದರು. ಟ್ರಂಪ್ ಅವರ ವಿರೋಧಿಗಳ ಮೇಲೆ ಮೊಕದ್ದಮೆ ಹೂಡುವಷ್ಟು ಸಾಕ್ಷ್ಯವಿಲ್ಲವೆಂಬ ನಿಲುವಿನಲ್ಲಿದ್ದ ಅವರು ಸೆಪ್ಟೆಂಬರಿನಲ್ಲಿ ಹುದ್ದೆ ಬಿಡಬೇಕಾಯಿತು. ಮರುದಿನವೇ ಅಧ್ಯಕ್ಷರು ಅಟಾರ್ನಿ ಜನರಲ್ ಪ್ಯಾಮ್ ಬಾಂಡಿಯವರನ್ನು ಹೆಸರು ಹಿಡಿದು ಕರೆದು, ಮಾಜಿ ಎಫ್‌ಬಿಐ ನಿರ್ದೇಶಕ ಜೇಮ್ಸ್ ಕೋಮಿ, ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಲೆಟೀಷಿಯಾ ಜೇಮ್ಸ್ ಮೊದಲಾದವರ ಮೇಲೆ ಇನ್ನು ತಡಮಾಡಬೇಡಿ ಎಂದು ತಮ್ಮ ಸಾಮಾಜಿಕ ಜಾಲತಾಣದಲ್ಲಿ ಬರೆದರು. 2006ರಲ್ಲಿ ಸೆನೆಟರೊಬ್ಬರು ಮನೆಯ ಫೋನಿನಲ್ಲಿ ಸುತ್ತಿಬಳಸಿ ಕೇಳಿ, ಆಮೇಲೆ ನಾಚಿಕೊಂಡ ವಿಷಯವನ್ನು ಇವರು ಊರಿಗೆಲ್ಲ ಕೇಳುವಂತೆ ಸಾರಿದರು. ತೆರವಾದ ಕುರ್ಚಿಗೆ ಬಂದ ಲಿಂಡ್ಸೆ ಹ್ಯಾಲಿಗನ್ ಹಿಂದೆ ಟ್ರಂಪ್ ಅವರ ಖಾಸಗಿ ವಕೀಲರಲ್ಲೊಬ್ಬರು, ಅದುವರೆಗೆ ಅಭಿಯೋಜಕರಾಗಿ ಒಂದು ಪ್ರಕರಣವನ್ನೂ ನಡೆಸಿದವರಲ್ಲ. ಸಂಸತ್ತಿನ ಮುಂದೆ ಸುಳ್ಳು ಹೇಳಿದರೆಂಬ, ಕೋಮಿಯವರ ವಿರುದ್ಧದ ಆರೋಪದ ಕಾಲಮಿತಿ ತೀರಲು ಕೆಲವೇ ದಿನ ಉಳಿದಿದ್ದವು. ಇಲ್ಲಿಯೂ ತಾರೀಖೇ. ಅಧಿಕಾರ ವಹಿಸಿಕೊಂಡ ವಾರದಲ್ಲೇ, ಸೆಪ್ಟೆಂಬರ್ 25ರಂದು, ಹ್ಯಾಲಿಗನ್ ದೋಷಾರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿಯಾದ ಗ್ರ್ಯಾಂಡ್ ಜ್ಯೂರಿಯ ಮುಂದೆ ತಾವೊಬ್ಬರೇ ನಿಂತು ದೋಷಾರೋಪ ಪಡೆದು, ಅದಕ್ಕೆ ತಾವೊಬ್ಬರೇ ಸಹಿ ಮಾಡಿದರು.

ಆ ನೇಮಕವೇ ಊರ್ಜಿತವಲ್ಲವೆಂದು ಕೋಮಿ ಮತ್ತು ಆಮೇಲೆ ದೋಷಾರೋಪಕ್ಕೊಳಗಾದ ಜೇಮ್ಸ್ ಇಬ್ಬರ ವಕೀಲರೂ ವಾದಿಸಿದರು. ಹಂಗಾಮಿ ನೇಮಕದ ಅಧಿಕಾರ ಯಾರದೆಂಬ ಪ್ರಶ್ನೆಯಲ್ಲಿ ವರ್ಜೀನಿಯದ ನ್ಯಾಯಾಧೀಶರೇ ಒಂದು ಕಕ್ಷಿಯಂತಾಗಿದ್ದರಿಂದ ದಕ್ಷಿಣ ಕೆರೊಲಿನದ ನ್ಯಾಯಾಧೀಶೆ ಕ್ಯಾಮರೂನ್ ಕರಿ ಅವರನ್ನು ವಿಚಾರಣೆಗೆ ಕರೆಸಲಾಯಿತು. ನವೆಂಬರ್ 24ರಂದು ಅವರು ಎರಡೂ ದೋಷಾರೋಪಗಳನ್ನು ರದ್ದುಪಡಿಸಿದರು. ಕೋಮಿ ಸುಳ್ಳು ಹೇಳಿದ್ದರೇ ಇಲ್ಲವೇ, ಅಧ್ಯಕ್ಷರ ಬರಹ ಒತ್ತಡವೇ ಅಲ್ಲವೇ ಎಂಬುದರ ಮೇಲೆ ಆ ತೀರ್ಪು ನಿಂತಿರಲಿಲ್ಲ. ಅಟಾರ್ನಿ ಜನರಲ್ ಕೈಯಲ್ಲಿದ್ದ 120 ದಿನಗಳು ಸೀಬರ್ಟ್ ಅವರ ಕಾಲದಲ್ಲೇ, ಮೇ ತಿಂಗಳಲ್ಲಿ, ಮುಗಿದುಹೋಗಿದ್ದವು. ಎರಡನೆಯ ಬಾರಿ ಎಣಿಕೆ ಶುರುಮಾಡಲು ಶಾಸನದಲ್ಲಿ ಅವಕಾಶವಿಲ್ಲ ಎಂಬುದು ತೀರ್ಪಿನ ತಿರುಳು. ಇಗ್ಲೇಸಿಯಸ್ ಅವರನ್ನು ಮನೆಗೆ ಕಳುಹಿಸಿದ ಗಲಾಟೆಯ ನಂತರ, 94 ಸೆನೆಟರುಗಳು ಕೈಯೆತ್ತಿ ಮರಳಿ ತಂದ ಕಲಮು ಅದೇ ಆಗಿತ್ತು.