ಬೀದರಿನ ಮಾಳಿಗೆ, ಹವಾಯಿಯ ಆಕಾಶ

2012ರ ಫೆಬ್ರವರಿ 29ರಂದು ಮೈಕ್ರೋಸಾಫ್ಟ್‌ನ ‘ಫ್ಲೈಟ್’ ಎಂಬ ವಿಮಾನ ಹಾರಾಟದ ಆಟ ಮನೆಯ ಕಂಪ್ಯೂಟರುಗಳಿಗೆ ಉಚಿತವಾಗಿ ಬರಲಿದೆ ಎಂದು ಓದಿದಾಗಿನಿಂದ ನಾನು ದಿನ ಎಣಿಸುತ್ತಿದ್ದೆ. ಹವಾಯಿಯ ದೊಡ್ಡ ದ್ವೀಪವೂ, ನೆಲದ ಮೇಲೂ ನೀರಿನ ಮೇಲೂ ಇಳಿಯಬಲ್ಲ ಐಕಾನ್ ಎ5 ಎಂಬ ಎರಡು ಆಸನಗಳ ಪುಟ್ಟ ವಿಮಾನವೂ ಹಣವಿಲ್ಲದೆ ಸಿಗಲಿದ್ದವು. ಉಳಿದ ದ್ವೀಪಗಳು ಬೇಕೆಂದರೆ ದುಡ್ಡು ಕೊಡಬೇಕಿತ್ತು. 1982ರಿಂದ ನಡೆದುಬಂದ ಫ್ಲೈಟ್ ಸಿಮ್ಯುಲೇಟರ್ ಸರಣಿಯಲ್ಲಿ ಇಡೀ ಭೂಮಂಡಲವನ್ನೇ ಸುತ್ತಿದವರಿಗೆ ಇದು ಕಡಿಮೆ ಎನ್ನಿಸಿರಬಹುದು, ನನಗೆ ಹಾಗನ್ನಿಸಲಿಲ್ಲ.

ನಮ್ಮ ಬೀದರಿಗೆ ವಿಮಾನ ಹೊಸದಲ್ಲ. ವಾಯುಪಡೆಯ ನೆಲೆಯಿಂದ ಹಾಕ್ ತರಬೇತಿ ವಿಮಾನ ಮೇಲೇರಿದಾಗಲೆಲ್ಲ, ಮಾಳಿಗೆಯ ಮೇಲೆ ಒಣಹಾಕಿದ ತೊಗರಿಬೇಳೆಯಲ್ಲಿ ಕೈಯಾಡಿಸುತ್ತಿದ್ದ ಅವ್ವ ಕೈ ನಿಲ್ಲಿಸಿ, ಹುಬ್ಬಿಗೆ ಅಂಗೈ ಅಡ್ಡ ಹಿಡಿದು, ಅದು ಚುಕ್ಕೆಯಾಗುವವರೆಗೂ ನೋಡುತ್ತಿದ್ದಳು. 2011ರಲ್ಲಿ ವಾಯುಪಡೆಯ ಸೂರ್ಯಕಿರಣ ಎಂಬ ಆಕಾಶ ಕಸರತ್ತಿನ ತಂಡದ ಪ್ರದರ್ಶನಗಳು ನಿಂತ ಮೇಲೂ ಆ ಒಂಬತ್ತು ಕಿರಣ್ ವಿಮಾನಗಳ ಸಾಲನ್ನು ಅವಳು ನೆನೆಯುತ್ತಿದ್ದಳು. ಇಷ್ಟು ವರ್ಷ ಕತ್ತೆತ್ತಿ ನೋಡಿದವಳು ಒಮ್ಮೆಯೂ ವಿಮಾನ ಹತ್ತಿರಲಿಲ್ಲ.

ಆಟ ಡೌನ್‌ಲೋಡ್ ಆದೊಡನೆ ಅವಳನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು, ಮೊದಲ ಸಲ ಆ ವಿಮಾನವನ್ನು ನೀರಿನ ಮೇಲೆ ಮೆಲ್ಲಗೆ ಇಳಿಸಬೇಕೆಂದಿದ್ದೆ.