ಅಕ್ರೋಸಿನ್ ಆಸಿಡ್ ಅಲ್ಲ

“ಅಕ್ರೋಸಿನ್ ಅಂದರೆ ಅಂಡದ ಗೋಡೆ ಕರಗಿಸುವ ಆಸಿಡ್ ತಾನೇ? ಅದಿಲ್ಲದಿದ್ದರೆ ಮಕ್ಕಳೇ ಆಗುವುದಿಲ್ಲವಂತೆ?” ವೀರ್ಯಾಣುಗಳ ಮೇಲೆ ನನ್ನ ಕೆಲಸವೆಂದು ತಿಳಿದವರೆಲ್ಲ ಕೇಳುವುದು ಇದನ್ನೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಇನ್ನು ಬರೆದೇ ಹೇಳುತ್ತೇನೆ: ಅದು ಆಸಿಡ್ ಅಲ್ಲ, ವೀರ್ಯಾಣು ತನ್ನ ತಲೆಯಲ್ಲಿ ಹೊತ್ತಿರುವ, ಪ್ರೋಟೀನನ್ನು ಕತ್ತರಿಸುವ ಕಿಣ್ವ. ಮೇದೋಜ್ಜೀರಕ ಗ್ರಂಥಿ ಸಣ್ಣ ಕರುಳಿಗೆ ಸುರಿಸುವ ಟ್ರಿಪ್ಸಿನ್ನಿನ ಕುಲಕ್ಕೇ ಸೇರಿದ ಇದು ಹಿಸ್ಟಿಡೀನ್, ಆಸ್ಪಾರ್ಟಿಕ್ ಆಮ್ಲ ಮತ್ತು ಸೆರೀನ್ ಎಂಬ ಮೂರು ಅಮೈನೋ ಆಮ್ಲಗಳ ಜೊತೆಗಾರಿಕೆಯಿಂದ, ಪ್ರೋಟೀನ್ ಸರಪಳಿಯನ್ನು ಅರ್ಜಿನೀನ್ ಅಥವಾ ಲೈಸೀನ್ ಇರುವ ಕೊಂಡಿಯ ಪಕ್ಕದಲ್ಲಷ್ಟೇ ತುಂಡರಿಸುತ್ತದೆ.

ಒಮ್ಮೆ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು ಎಲೆಯ ಮೇಲಿನ ಹಪ್ಪಳಕ್ಕೆ ಬೆರಳು ಚುಚ್ಚಿ ತೂತು ಮಾಡಿ, “ಹೀಗೇ ತಾನೇನಮ್ಮಾ?” ಎಂದರು. ಹಾಗಲ್ಲವೇ ಅಲ್ಲ. ಅಂಡವನ್ನು ಸುತ್ತುವರಿದ ಜೋನಾ ಪೆಲ್ಲುಸಿಡಾ ಎಂಬ ಹೊದಿಕೆ ಸಕ್ಕರೆ ಹೊತ್ತ ಪ್ರೋಟೀನುಗಳ ಎಳೆಗಳಿಂದ ಹೆಣೆದದ್ದು, ಮಿದುವಾಗಿ ಬಾಗುವಂಥದ್ದು. ವೀರ್ಯಾಣು ಅದನ್ನು ದಾಟಿದ ಮೇಲೆ ಉಳಿಯುವುದು ತಲೆಯಷ್ಟೇ ಅಗಲದ, ಅಂಚು ಚೊಕ್ಕವಾದ ಒಂದು ಸೀಳು. ಆಸಿಡ್ ಸುರಿದಿದ್ದರೆ ಅಲ್ಲಿ ಅಗಲವಾದ ಗುಳಿ ಇರಬೇಕಿತ್ತು. ಬಾಲದ ಬಡಿತದ ಬಲವನ್ನು ಲೆಕ್ಕದಿಂದ ಬಿಟ್ಟು ಆ ಸೀಳನ್ನು ವಿವರಿಸಲಾಗದು.

“ಅದಿಲ್ಲದಿದ್ದರೆ ಮಕ್ಕಳಾಗುವುದಿಲ್ಲ” ಎನ್ನುವವರಿಗೆ ನಾನು ಕೇಳುವುದು ಒಂದೇ: ಯಾವ ಪ್ರಾಣಿಗೆ? 1994ರಲ್ಲಿ ಜಪಾನಿನ ತದಾಶಿ ಬಾಬಾ ಅವರ ತಂಡ ಅಕ್ರೋಸಿನ್ ಜೀನ್ ಇಲ್ಲದ ಇಲಿಗಳನ್ನು ಸೃಷ್ಟಿಸಿದಾಗ ಆ ಗಂಡಿಲಿಗಳಿಗೂ ಮರಿಗಳಾದವು. ವೀರ್ಯಾಣು ಹೊದಿಕೆ ದಾಟುವುದು ಮಾತ್ರ ತಡವಾಯಿತು. ಹಾಗಾದರೆ ಈ ಕಿಣ್ವ ದಂಡಕ್ಕಿದೆ ಎಂದು ತೀರ್ಮಾನಿಸಿದವರೂ ಉಂಟು. ಅವರ ಆತುರ ನನಗೆ ಇನ್ನೂ ಸಿಟ್ಟು ತರಿಸುತ್ತದೆ, ಏಕೆಂದರೆ 2020ರಲ್ಲಿ ಇದೇ ಜೀನನ್ನು ಹ್ಯಾಮ್‌ಸ್ಟರ್‌ಗಳಲ್ಲಿ ತೆಗೆದಾಗ ಗಂಡುಗಳು ಪೂರ್ತಿ ಬಂಜೆಯಾದವು: ವೀರ್ಯಾಣುಗಳು ಹೊದಿಕೆಗೆ ಅಂಟಿಕೊಂಡವು, ಒಳಗೆ ಮಾತ್ರ ಹೋಗಲಿಲ್ಲ.

ಯಾರಾದರೂ ಇದನ್ನು ಕೇಳಬಾರದೇ ಎಂದು ನಾನು ಕಾಯುವ ಪ್ರಶ್ನೆ ಬೇರೆಯದೇ ಇದೆ: ಪ್ರೋಟೀನ್ ಕತ್ತರಿಸುವ ಕಿಣ್ವ ತನ್ನನ್ನು ಹೊತ್ತ ವೀರ್ಯಾಣುವನ್ನೇ ಏಕೆ ಕತ್ತರಿಸುವುದಿಲ್ಲ? ವೀರ್ಯಾಣುವಿನ ತಲೆಯ ಮೇಲೆ ಟೊಪ್ಪಿಗೆಯಂತೆ ಕುಳಿತ ಅಕ್ರೋಸೋಮ್ ಎಂಬ ಚೀಲದಲ್ಲಿ ಇದು ಪ್ರೊಅಕ್ರೋಸಿನ್ ಎಂಬ ನಿಷ್ಕ್ರಿಯ ರೂಪದಲ್ಲಿರುತ್ತದೆ. ಚೀಲದ ಒಳಗು ಆಮ್ಲೀಯ, ಆ ಸ್ಥಿತಿಯಲ್ಲಿ ಅದು ಎಚ್ಚರಗೊಳ್ಳುವುದಿಲ್ಲ. ಜೊತೆಗೆ ಇನ್ನೊಂದು ಪ್ರೋಟೀನು ಅದನ್ನು ಅಂಟಿ ಹಿಡಿದಿರುತ್ತದೆ. (ಆಸಿಡ್ ಎನ್ನುವವರು ಗಮನಿಸಬೇಕು, ಆಮ್ಲ ಇಲ್ಲಿ ಬೀಗ.) ವೀರ್ಯಾಣುವಿನೊಳಗೆ ಕ್ಯಾಲ್ಸಿಯಂ ನುಗ್ಗಿ ಚೀಲ ತೆರೆದುಕೊಂಡು ಆಮ್ಲೀಯತೆ ಇಳಿದಾಗ ಪ್ರೊಅಕ್ರೋಸಿನ್ ತನ್ನನ್ನು ತಾನೇ ಕತ್ತರಿಸಿಕೊಂಡು ಅಕ್ರೋಸಿನ್ ಆಗುತ್ತದೆ, ಚೀಲದ ಉಳಿದ ಸರಕು ಚದುರಲೂ ನೆರವಾಗುತ್ತದೆ. ಅದರ ಮೈಮೇಲಿನ ಧನ ವಿದ್ಯುದಂಶದ ತಾಣಗಳು ಹೊದಿಕೆಯ ಸಲ್ಫೇಟ್ ಗುಂಪುಗಳನ್ನು ಹಿಡಿಯುತ್ತವೆ, ಅಂದರೆ ಕತ್ತರಿಸುವುದಷ್ಟೇ ಅಲ್ಲ, ಅಂಟಿಸಿಕೊಳ್ಳುವ ಕೆಲಸವೂ ಅದರದ್ದೇ. ಯಾವುದಾದರೂ ವೀರ್ಯಾಣು ಸತ್ತು ಕಿಣ್ವ ಹೊತ್ತಲ್ಲದ ಹೊತ್ತಿನಲ್ಲಿ ಸೋರಿದರೆ, ಅದನ್ನು ಕಟ್ಟಿಹಾಕುವ ಪ್ರತಿರೋಧಕ ಪ್ರೋಟೀನುಗಳು ವೀರ್ಯದ್ರವದಲ್ಲಿ ಮೊದಲೇ ಇರುತ್ತವೆ.